ಎರಡು ಬೆರಳು ಸಡಿಲ

ಎಲ್ಲ ಶುರುವಾದದ್ದು ಎರಡು ಬೆರಳಿನಿಂದ.

ದರ್ಜಿ ಇಪ್ಪತ್ತು ವರ್ಷದಿಂದ ಒಂದೇ ಮಾತನ್ನು ನಂಬಿ ಬದುಕಿದವನು: ಮೈಯಳತೆ ಎಷ್ಟೇ ಇರಲಿ, ಮೇಲೆ ಎರಡು ಬೆರಳು ಸಡಿಲ ಬಿಡಬೇಕು. ಮನುಷ್ಯ ಉಣ್ಣುತ್ತಾನೆ, ಸೀನುತ್ತಾನೆ, ಬಗ್ಗಿ ಚಪ್ಪಲಿ ಹುಡುಕುತ್ತಾನೆ. ಬಟ್ಟೆಗೆ ಅದೆಲ್ಲ ಮೊದಲೇ ಗೊತ್ತಿರಬೇಕು. ರಾಕ್ಷಸನ ಪ್ರಾಣ ಏಳು ಸಮುದ್ರದಾಚೆಯ ಗಿಳಿಯೊಳಗೆ ಅಡಗಿದ್ದ ಹಾಗೆ ಈತನ ಹೆಸರು, ಮರ್ಯಾದೆ ಎಲ್ಲ ಆ ಎರಡು ಬೆರಳಿನೊಳಗೆ ಅಡಗಿದ್ದವು. ಅವನು ಹೊಲಿದ ಕೋಟು ಇವತ್ತಿನವರೆಗೆ ಯಾರ ಮೈಯನ್ನೂ ಹಿಡಿದದ್ದಿಲ್ಲ. ಕೆಲವರ ಮೈಮೇಲೆ ನಿಂತದ್ದೂ ಇಲ್ಲ, ಆ ಮಾತು ಬೇರೆ.

ಅಂಥವನ ಕೈಗೆ ಅಂದು ಬೆಳಿಗ್ಗೆ ಏಳು ಗಂಟೆಗೆ ಅಕ್ಕ ತನ್ನ ನಾಯಿಯನ್ನು ಒಪ್ಪಿಸಿದಳು.

ಅಕ್ಕ ಶಾಲೆಯೊಂದರ ಹೆಡ್‌ಮಿಸ್ಸು. ಅವಳು ಕೋಣೆಗೆ ಕಾಲಿಟ್ಟರೆ ಮೂಲೆಯಲ್ಲಿ ಒರಗಿಸಿಟ್ಟ ಛತ್ರಿಯೂ ನೆಟ್ಟಗೆ ನಿಲ್ಲುತ್ತಿತ್ತು. ನಿಲ್ಲದೆ ಇದ್ದದ್ದು ಇಡೀ ಲೋಕದಲ್ಲಿ ಒಂದೇ ಜೀವ, ಅವಳ ನಾಯಿ. ಕಂದು ಬಣ್ಣ, ಎದೆಯ ಮೇಲೆ ಬಿಳಿ ಮಚ್ಚೆ, ಒಂದು ಕಿವಿ ನೆಟ್ಟಗೆ, ಇನ್ನೊಂದು ಮಡಚಿದ್ದು. ತನ್ನದೇ ಸಂಸ್ಥಾನವನ್ನು ನೋಡಲು ಹೊರಟವನಂತೆ ತಲೆಯೆತ್ತಿ ನಡೆಯುತ್ತಿದ್ದರಿಂದ ಎಲ್ಲರೂ ಅವನನ್ನು ದಿವಾನ ಎನ್ನುತ್ತಿದ್ದರು. ಮೂರು ವರ್ಷದಲ್ಲಿ ಅಕ್ಕ ಅವನಿಗೆ "ಕೂತ್ಕೋ" ಎಂದು ಹೇಳದ ದಿನವಿಲ್ಲ. ಅವನು ಕೂತ ದಿನವೂ ಇಲ್ಲ.

"ಕೇಳೋ ಇಲ್ಲಿ," ಅಂದಳು ಅಕ್ಕ. "ಹಾಸ್ಟೆಲ್ ವಾರ್ಡನ್ ಕೆಲಸಕ್ಕೆ ಕರೆದಿದಾರೆ ಅಂದಿದ್ನಲ್ಲ, ಇವತ್ತು ಹೋಗಿ ನೋಡ್ಕೊಂಡು ಬರ್ತೀನಿ. ಹೇಳಿದ ಮಾತು ಕೇಳೋ ನಾಯಿ ಆದ್ರೆ ಮಾತ್ರ ಅಲ್ಲಿಗೆ ಬಿಡ್ತಾರಂತೆ. ಇವನು ಯಾರ ಮಾತು ಕೇಳಿದಾನೆ?"

"ನನ್ನ ಮಾತು ಕೇಳ್ತಾನೆ ಅಕ್ಕಾ."

"ನೀನು ಮಾತಾಡಿದ್ದು ಕೇಳಿಸ್ಕೊಳ್ತಾನೆ. ಅದು ಬೇರೆ, ಇದು ಬೇರೆ. ಇವತ್ತೊಂದು ದಿನ ನೋಡ್ಕೋ. ಸಂಜೆ ಆರಕ್ಕೆ ಬಂದಾಗ ಎಲ್ಲ ಸರಿಯಾಗಿದ್ರೆ ಇವನು ನಿನ್ನವನು. ಇಲ್ಲಾಂದ್ರೆ ನಮ್ಮ ಡ್ರಾಯಿಂಗ್ ಟೀಚರ್ ಕೇಳ್ತಾ ಇದಾರೆ, ದೊಡ್ಡ ತೋಟ ಇದೆ ಅವರಿಗೆ."

ದರ್ಜಿಯ ಎದೆ ಹೊಲಿಗೆ ಯಂತ್ರದ ಹಾಗೆ ಟಕಟಕ ಹೊಡೆದುಕೊಂಡಿತು. ಅಂಗಡಿಯ ಹಿಂದಿನ ಕೋಣೆಯಲ್ಲಿ ಅವನೊಬ್ಬನೇ ಇರುವುದು. ಮಾತಿಗೆ ಉತ್ತರ ಕೊಡುವುದೆಂದರೆ ಆ ಯಂತ್ರವೊಂದೇ, ಅದೂ ಎಣ್ಣೆ ಹಾಕಿದರೆ. ಭಾನುವಾರ ಅಕ್ಕ ಬಂದಾಗ ದಿವಾನನ ಮುಂದೆ ಕೂತು ವಾರವಿಡೀ ಗಿರಾಕಿಗಳು ಆಡಿದ ದೂರುಗಳನ್ನೆಲ್ಲ ಒಂದೊಂದಾಗಿ ಹೇಳುತ್ತಿದ್ದ. ದಿವಾನ ಮಡಚಿದ ಕಿವಿಯನ್ನು ಅವನ ಕಡೆ ಓರೆ ಮಾಡಿ ಕೇಳುತ್ತಿದ್ದ. ಹಾಗೆ ಕೇಳಿದವರು ದರ್ಜಿಯ ಬದುಕಿನಲ್ಲಿ ಬೇರೆ ಯಾರೂ ಇರಲಿಲ್ಲ. ಅವನು ಬರುವನೆಂಬ ಆಸೆಯಲ್ಲಿ ಕತ್ತರಿಸುವ ಮೇಜಿನ ಕೆಳಗೆ ಕಂದು ಕೋಟುಗಳ ಚೂರುಗಳನ್ನೆಲ್ಲ ಗುಡ್ಡೆ ಹಾಕಿ ಒಂದು ಹಾಸಿಗೆಯನ್ನೇ ಮಾಡಿಟ್ಟಿದ್ದ. ಹೋದ ಭಾನುವಾರ ದಿವಾನ ಅದನ್ನು ಮೂಸಿಯೂ ನೋಡಿರಲಿಲ್ಲ. ಈಗಂತೂ ಮೇಜಿನ ಮೇಲೆ ಸಭಾಂಗಣವೊಂದರ ದೊಡ್ಡ ಪರದೆ ಹರಡಿಕೊಂಡು ನಾಲ್ಕೂ ಕಡೆ ನೆಲದವರೆಗೆ ಇಳಿಬಿದ್ದಿತ್ತು.

ಅಕ್ಕ ಒಂದು ಚೀಟಿ ಕೊಟ್ಟಳು. ಅದರಲ್ಲಿ ಹನ್ನೊಂದು ನಿಯಮಗಳಿದ್ದವು.

"ಪೂರ್ತಿ ಓದು."

"ಓದ್ತೀನಿ ಅಕ್ಕಾ."

ಅವಳ ಬಸ್ಸು ಹೋದ ಮೇಲೆ ದರ್ಜಿ ಓದತೊಡಗಿದ. ಒಂದು: ಕೊರಳ ಬೆಲ್ಟು ಮುಟ್ಟಬಾರದು, ಎಷ್ಟಿರಬೇಕೋ ಅಷ್ಟೇ ಇದೆ. ಎರಡು: ಹಗ್ಗ ಮುಂಗೈಗೆ ಸುತ್ತಿಕೊಳ್ಳಬಾರದು. ಮೂರು: ರಸ್ತೆ ದಾಟುವಾಗ... ಅಷ್ಟರಲ್ಲಿ ಅವನ ಕಣ್ಣು ಬೆಲ್ಟಿನ ಮೇಲೆ ಹೋಯಿತು. ದಪ್ಪ ನೂಲಿನ ಬೆಲ್ಟು. ಅದರ ಮೇಲೆ ಅಕ್ಕನ ವಿಳಾಸವನ್ನು ಹೋದ ವರ್ಷ ಅವನೇ ಕೆಂಪು ದಾರದಲ್ಲಿ ಹೊಲಿದುಕೊಟ್ಟಿದ್ದ. ಬೆಲ್ಟಿನೊಳಗೆ ಬೆರಳು ತೂರಿಸಿ ನೋಡಿದ. ಎರಡೇ ಬೆರಳು ಹಿಡಿದವು.

"ಪಾಪ! ಕತ್ತು ಹಿಡೀತಿದೆಯಲ್ಲೋ ನಿಂಗೆ," ಅಂದ. ಅಕ್ಕ ಆಗಲೇ ಎರಡು ಬೆರಳು ಸಡಿಲ ಬಿಟ್ಟೇ ಕಟ್ಟಿದ್ದಾಳೆಂಬುದು ಅವನ ತಲೆಗೆ ಹೊಳೆಯಲಿಲ್ಲ. ಅಕ್ಕ ಪಾಠ ಹೇಳುವುದರಲ್ಲಿ ಗಟ್ಟಿ, ಅಳತೆಯ ವಿಷಯ ಅವಳಿಗೇನು ಗೊತ್ತು? ಬೆಲ್ಟಿನಲ್ಲಿ ಮುಂದೆ ತೂತು ಇರಲಿಲ್ಲ. ದರ್ಜಿಗೆ ಅದೊಂದು ಕಷ್ಟವೇ? ದಬ್ಬಳದಿಂದ ಹೊಸ ತೂತು ಮಾಡಿ, ಅಂಚು ಬಿಚ್ಚಿಕೊಳ್ಳದಂತೆ ಸುತ್ತಲೂ ಕಂದು ದಾರದಲ್ಲಿ ಅಂಗಿಯ ಗುಂಡಿಗೆ ಹೊಲಿಯುವಂಥ ಅಚ್ಚುಕಟ್ಟಾದ ಕಾಜಾ ಹೊಲಿದ. ಎರಡು ಬೆರಳು ಹೋಗುತ್ತಿದ್ದಲ್ಲಿ ಈಗ ನಾಲ್ಕು ಹೋದವು.

"ಈಗ ಉಸಿರಾಡು," ಅಂದ.

ಹತ್ತು ನಿಮಿಷದಲ್ಲಿ ಬಂದುಬಿಡುತ್ತೇನೆಂದು ಅಂಗಡಿಯ ಬಾಗಿಲನ್ನು ಅರ್ಧ ಎಳೆದು ಇಬ್ಬರೂ ಹೊರಟರು. ದರ್ಜಿ ಬಲಕ್ಕೆ ಅಂದರೆ ದಿವಾನ ಎಡಕ್ಕೆ. ದರ್ಜಿ ನಡೆದರೆ ದಿವಾನ ನಿಂತ. ದರ್ಜಿ ನಿಂತರೆ ದಿವಾನ ಯಾರದೋ ಸೈಕಲ್ಲಿನ ಚಕ್ರವನ್ನು ದೀರ್ಘವಾಗಿ ವಿಚಾರಿಸಿಕೊಂಡ. ಹೀಗೆ ಮೂರು ಬೀದಿ ಕೂಡುವ ಕಡೆ ಬಂದಾಗ ಗಾಳಿಗೆ ಒಂದು ಪ್ಲಾಸ್ಟಿಕ್ ಚೀಲ ಬುಸ್ಸೆಂದು ಉಬ್ಬಿ ಎದುರಿಗೆ ಬಂತು. ದಿವಾನ ಬೆದರಿ ಹಿಂದಕ್ಕೆ ಸರಿದ. ದರ್ಜಿ ಹಗ್ಗವನ್ನು ಮುಂದಕ್ಕೆ ಎಳೆದ. ದಿವಾನನ ತಲೆ, ಸಡಿಲ ಅಂಗಿಯಿಂದ ಹೊರಬರುವ ತಲೆಯಂತೆ, ನಯವಾಗಿ ಬೆಲ್ಟಿನಿಂದ ಹೊರಗೆ ಬಂತು.

ಒಂದು ಕ್ಷಣ ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಆಮೇಲೆ ದಿವಾನ ಓಡಿದ.

ದರ್ಜಿಯ ಕೈಯಲ್ಲಿ ಹಗ್ಗ, ಹಗ್ಗದ ತುದಿಯಲ್ಲಿ ಬೆಲ್ಟು, ಬೆಲ್ಟಿನ ಮೇಲೆ ವಿಳಾಸ ಉಳಿದವು. ಕಾಜಾ ಮಾತ್ರ ಬಿಸಿಲಿಗೆ ಬಹಳ ಚೆನ್ನಾಗಿ ಕಾಣುತ್ತಿತ್ತು.

"ದಿವಾನಾ! ಲೋ ದಿವಾನಾ!" ದರ್ಜಿ ಬಾಯಿ ಬಡಿದುಕೊಂಡು ಓಡಿದ. ಅವನ ಕೂಗಿಗೆ ಬೀದಿಯಲ್ಲಿ ಮೊದಲು ಹೊರಬಂದವನು ಕ್ಷೌರದಂಗಡಿಯವನು, ಕೈಯಲ್ಲಿ ಕತ್ತಿ ಹಿಡಿದುಕೊಂಡೇ. ಅವನ ಹಿಂದೆ ಕೊರಳಿಗೆ ಬಿಳಿ ಬಟ್ಟೆ ಕಟ್ಟಿಸಿಕೊಂಡ ಗಿರಾಕಿ. ಅವನ ಒಂದು ಕೆನ್ನೆ ನುಣ್ಣಗೆ ಮಿಂಚುತ್ತಿತ್ತು, ಇನ್ನೊಂದರ ತುಂಬ ಸೋಪಿನ ನೊರೆ.

"ಏನಾಯ್ತು ಮಾರಾಯ?"

"ಅಕ್ಕನ ನಾಯಿ ತಪ್ಪಿಸ್ಕೊಂಡಿದೆ! ಸಂಜೆ ಆರಕ್ಕೆ ಬರ್ತಾಳೆ! ಅಷ್ಟರಲ್ಲಿ ಸಿಗದಿದ್ರೆ..."

"ಆರಕ್ಕೆ ತಾನೇ? ಬೇಕಾದಷ್ಟು ಹೊತ್ತಿದೆ. ಬಣ್ಣ ಹೇಳು."

"ಕಂದು."

"ಅಷ್ಟು ಸಾಕು," ಎಂದು ಕ್ಷೌರದವನು ಬೀದಿಗೆಲ್ಲ ಕೇಳುವಂತೆ ಸಾರಿದ. "ಕಂದು ನಾಯಿ ಕಂಡವರು ಹಿಡೀರಪ್ಪೋ!"

"ನನ್ನ ಗಡ್ಡ?" ಎಂದ ಗಿರಾಕಿ.

"ಗಡ್ಡ ಎಲ್ಲಿಗೂ ಓಡಿಹೋಗಲ್ಲ ಸ್ವಾಮಿ. ನಾಯಿ ಓಡಿಹೋಗಿದೆ."

ಮಾತು ನ್ಯಾಯವಾಗಿಯೇ ಇತ್ತು. ಅರ್ಧ ಗಡ್ಡದವನು ಬೇರೆ ದಾರಿ ಕಾಣದೆ ಹಿಂದೆಯೇ ಬಂದ.

ಎರಡನೆಯವರು ನಿವೃತ್ತ ಡ್ರಿಲ್ ಮೇಷ್ಟ್ರು. ಕೆಲಸ ಬಿಟ್ಟು ಎಂಟು ವರ್ಷವಾದರೂ ಅವರ ಕೊರಳಿನಿಂದ ಸೀಟಿ ಇಳಿದಿರಲಿಲ್ಲ.

"ಕೂಗಬಾರದು ಕಣಯ್ಯಾ! ನಾಯಿಗೆ ಬೇಕಾದ್ದು ಶಿಸ್ತು. ನೋಡ್ತಾ ಇರು," ಎಂದು ಮೇಷ್ಟ್ರು ಎದೆ ಉಬ್ಬಿಸಿ ಸೀಟಿ ಊದಿದರು. ಹಾಲಿನ ವ್ಯಾನು ಗಕ್ಕನೆ ನಿಂತಿತು. ರಸ್ತೆ ದಾಟುತ್ತಿದ್ದ ಶಾಲೆಯ ಆರು ಮಕ್ಕಳು ಸಾಲಾಗಿ ನಿಂತರು. ದರ್ಜಿ ಎರಡೂ ಹಿಮ್ಮಡಿ ಜೋಡಿಸಿ ನೆಟ್ಟಗಾದ. ಯಾರ ಮನೆಯದೋ ಒಂದು ಮೋಟುಬಾಲದ ನಾಯಿ ಗೇಟಿನ ಸಂದಿಯಿಂದ ನುಸುಳಿಬಂದು ಮೇಷ್ಟ್ರ ಕಾಲ ಬಳಿ ನಿಂತಿತು.

"ಬಂತು ನೋಡು!"

"ಮೇಷ್ಟ್ರೇ, ದಿವಾನನಿಗೆ ಬಾಲ ಇದೆ."

"ಕಂದು ಅಂದೆಯಲ್ಲ? ಇದು ಕಂದು. ಹಿಡ್ಕೊಂಡಿರು, ಬಾಲದ ವಿಷಯ ಆಮೇಲೆ ನೋಡೋಣ."

ಮಧ್ಯಾಹ್ನದ ಹೊತ್ತಿಗೆ ದರ್ಜಿ ಹದಿನೇಳು ಬೀದಿ ಸುತ್ತಿದ್ದ. ಚಪ್ಪಲಿಯ ಉಂಗುಷ್ಠ ಕಿತ್ತುಹೋಗಿತ್ತು. ನಾಲಗೆ ಒಣಗಿ ಸೀಮೆಸುಣ್ಣವಾಗಿತ್ತು. ಆಗ ಬೇಕರಿಯಮ್ಮ ಅವನನ್ನು ತಡೆದು ನಿಲ್ಲಿಸಿದಳು. ಆಕೆ ಒಲೆಯ ಮುಂದೆ ನಿಂತು ನಿಂತು ಎಲ್ಲದಕ್ಕೂ ಕಾಯುವುದೇ ಮದ್ದು ಎಂದು ತಿಳಿದವಳು.

"ಅಟ್ಟಿಸ್ಕೊಂಡು ಹೋದ್ರೆ ನಾಯಿ ಇನ್ನೂ ದೂರ ಹೋಗುತ್ತಪ್ಪಾ. ಅದಕ್ಕೆ ಅದು ಆಟ. ನೀನು ನೆಲದ ಮೇಲೆ ಮಲಗಿಬಿಡು. ಏನಾಯ್ತು ಇವನಿಗೆ ಅಂತ ನೋಡೋಕೆ ತಾನಾಗೇ ಬರುತ್ತೆ. ನಮ್ಮ ಮನೇದು ಹಾಗೇ ಬಂದಿತ್ತು."

"ಎಲ್ಲಿ ಮಲಗಲಿ?"

"ತಪ್ಪಿಸ್ಕೊಂಡ ಜಾಗದಲ್ಲೇ. ತಗೋ, ಎದೆ ಮೇಲೆ ಒಂದು ಬನ್ನು ಇಟ್ಕೋ. ವಾಸನೆಗೆ."

ದರ್ಜಿ ಮೂರು ಬೀದಿ ಕೂಡುವ ಕಡೆ, ಒಂದು ಬದಿಗೆ ಅಂಗಾತ ಮಲಗಿದ. ಏನಾಯಿತೆಂದು ನೋಡಲು ಇಡೀ ಊರೇ ಬಂತು, ದಿವಾನನೊಬ್ಬನನ್ನು ಬಿಟ್ಟು. ಒಬ್ಬರು ನಾಡಿ ಹಿಡಿದರು. ಇನ್ನೊಬ್ಬರು ಮುಖಕ್ಕೆ ನೀರು ಹೊಡೆದರು. ಒಬ್ಬ ಹೆಂಗಸು ಕಣ್ಣೀರನ್ನು ಅಂಗೈಯಿಂದ ಒರೆಸಿಕೊಂಡು, "ಮೊನ್ನೆ ತಾನೇ ನನ್ನ ಕೋಟಿಗೆ ಅಳತೆ ತಗೊಂಡಿದ್ರು, ಎಷ್ಟು ಒಳ್ಳೆಯವರು," ಎಂದಳು. ದರ್ಜಿ ಕಣ್ಣು ಮುಚ್ಚಿಕೊಂಡೇ, "ಬುಧವಾರ ಕೊಡ್ತೀನಮ್ಮಾ," ಎಂದ. ಆಕೆ ಚೀರಿ ಎರಡು ಹೆಜ್ಜೆ ಹಿಂದಕ್ಕೆ ಹಾರಿದಳು.

ಕೊನೆಗೆ ಎದೆಯ ಮೇಲೆ ಬಿಸಿ ಉಸಿರು ತಾಗಿತು. ಬನ್ನು ಮಾಯವಾಯಿತು. ದರ್ಜಿ ಆಸೆಯಿಂದ ಕಣ್ಣು ತೆರೆದ. ಕಂದು ಬಣ್ಣದ, ಎರಡೂ ಕಿವಿ ಜೋತುಬಿದ್ದ, ಕರುವಿನಷ್ಟು ದೊಡ್ಡ ನಾಯಿಯೊಂದು ಅವನ ಎದೆಯ ಮೇಲೆ ಕೂತಿತ್ತು.

"ಸಿಕ್ತು!" ಅಂದಳು ಬೇಕರಿಯಮ್ಮ.

"ಇದಲ್ಲಮ್ಮಾ," ಎಂದ ದರ್ಜಿ, ಉಳಿದಿದ್ದ ಉಸಿರಿನಲ್ಲಿ.

"ಇರಲಿ ಬಿಡು. ಒಂದಕ್ಕೆರಡು ಇದ್ರೆ ನಿಮ್ಮಕ್ಕ ಆರಿಸ್ಕೋಬಹುದು."

ನಾಲ್ಕು ಗಂಟೆಗೆ ಕ್ಷೌರದವನು ಮೂರನೆಯದನ್ನು ತಂದ. ಅದು ಕಂದು ಕೂಡ ಆಗಿರಲಿಲ್ಲ, ಕೆಸರಿನಲ್ಲಿ ಹೊರಳಿತ್ತು. ಮೂರನ್ನೂ ಅಂಗಡಿಯೊಳಗೆ ತಂದು ಹೊಲಿಗೆ ಯಂತ್ರದ ಕಾಲುಗಳಿಗೆ ಕಟ್ಟಿದ್ದಾಯಿತು. ಮೋಟುಬಾಲದ್ದು ಮಾತ್ರ ಇಳಿಬಿದ್ದ ಪರದೆಯತ್ತ ಮುಖಮಾಡಿ ಬೊಗಳಿದ್ದೇ ಬೊಗಳಿದ್ದು.

"ಸುಮ್ನಿರೋ, ಅದು ಪರದೆ," ಎಂದು ದರ್ಜಿ ಗದರಿಸಿದ. "ಹರಿದುಬಿಟ್ರೆ ಅದೊಂದು ಬಾಕಿ ನನಗೆ."

ಐದು ದಾಟಿತು. ದರ್ಜಿ ಸ್ಟೂಲಿನ ಮೇಲೆ ಕುಸಿದು ಖಾಲಿ ಬೆಲ್ಟನ್ನು ಮೊಣಕಾಲ ಮೇಲೆ ಇಟ್ಟುಕೊಂಡ. ದೊಡ್ಡ ರಸ್ತೆಯ ಕಡೆಯಿಂದ ಲಾರಿಯೊಂದರ ಸದ್ದು ಬಂದಾಗಲೆಲ್ಲ ಅವನು ಬಾಗಿಲಿನತ್ತ ನೋಡುತ್ತಿದ್ದ. ಆ ಮಡಚಿದ ಕಿವಿಯ ಪೆದ್ದುಜೀವ ಅದನ್ನು ಹೇಗೆ ದಾಟೀತು? ಯಾರಾದರೂ ಪುಣ್ಯವಂತರು ಹಿಡಿದರೂ ಯಾರ ಮನೆಗೆ ತಂದುಕೊಟ್ಟಾರು? ವಿಳಾಸ ಇಲ್ಲಿ, ತನ್ನ ಮೊಣಕಾಲ ಮೇಲೆ ಬೆಚ್ಚಗೆ ಕೂತಿತ್ತು.

"ನಾಯಿ ನನಗೆ ಬೇಡ," ಎಂದ ಅವನು, ಯಾರಿಗೋ. "ತೋಟದ ಮನೆಗೇ ಹೋಗಲಿ. ಎಲ್ಲಾದರೂ ಸರಿ, ಜೀವದಿಂದ ಇದ್ರೆ ಸಾಕು. ಅಕ್ಕ ಬರಲಿ, ಇದ್ದದ್ದು ಇದ್ದ ಹಾಗೇ ಹೇಳಿಬಿಡ್ತೀನಿ."

"ಹುಚ್ಚಾ ನಿಂಗೆ?" ಎಂದ ಕ್ಷೌರದವನು. "ನೀನು ಬಾಯಿ ಬಿಡಬೇಡ. ನಾವೆಲ್ಲ ಇದೀವಿ."

"ಅದೇ ನನಗೆ ಭಯ," ಎಂದ ದರ್ಜಿ.

ಸರಿಯಾಗಿ ಆರಕ್ಕೆ ಅಕ್ಕ ಬಾಗಿಲಲ್ಲಿ ನಿಂತಳು. ಮೂರು ನಾಯಿಗಳು ಬೊಗಳುವುದನ್ನು ನಿಲ್ಲಿಸಿದವು. ಮೂಲೆಯ ಛತ್ರಿ ನೆಟ್ಟಗಾಯಿತು. ಅವಳ ಕಣ್ಣು ನಾಯಿಗಳ ಮೇಲೆ, ಮೇಷ್ಟ್ರ ಮೇಲೆ, ಬೇಕರಿಯಮ್ಮನ ಮೇಲೆ, ಅರ್ಧ ಗಡ್ಡದ ಮೇಲೆ ಹಾದು ತಮ್ಮನ ಮೇಲೆ ನಿಂತಿತು.

"ದಿವಾನ ಎಲ್ಲಿ?"

ದರ್ಜಿ ಎದ್ದು ನಿಂತ. "ಅಕ್ಕಾ, ಬೆಳಿಗ್ಗೆ ನಾನು..."

ಮೇಜಿನ ಮೇಲಿಂದ ಇಳಿಬಿದ್ದ ಪರದೆ ಅಲುಗಾಡಿತು. ಅದರ ಅಂಚಿನ ಕೆಳಗಿನಿಂದ ಮೊದಲು ಒಂದು ಮೂತಿ, ಆಮೇಲೆ ನೆಟ್ಟಗಿನ ಕಿವಿ, ಆಮೇಲೆ ಮಡಚಿದ ಕಿವಿ ಹೊರಗೆ ಬಂದವು. ದಿವಾನ ಮೈಗೆಲ್ಲ ಕಂದು ನೂಲಿನೆಳೆ ಅಂಟಿಸಿಕೊಂಡು, ಮುಂಗಾಲು ಚಾಚಿ, ಗಂಟಲಿನ ತಳ ಕಾಣುವಂತೆ ಆಕಳಿಸಿದ.

ಅಂಗಡಿಯಲ್ಲಿ ಸೂಜಿ ಬಿದ್ದರೂ ಕೇಳುವಂತಿತ್ತು. ಬಿದ್ದದ್ದು ಸೂಜಿಯಲ್ಲ, ಕ್ಷೌರದವನ ಕತ್ತಿ.

ಮೊದಲು ಚೇತರಿಸಿಕೊಂಡವರು ಡ್ರಿಲ್ ಮೇಷ್ಟ್ರು. "ನೋಡಿದ್ರಾ ಮೇಡಂ ಶಿಸ್ತು? ಮಲ್ಕೋ ಅಂದಾಗ ಮಲ್ಕೊಂಡೋನು, ಇಷ್ಟು ಗಲಾಟೇಲೂ ಮಿಸುಕಿಲ್ಲ!"

"ಈ ನಾಯಿಗಳು?"

"ಇವಾ? ನಿಮ್ಮ ದಿವಾನನ್ನ ನೋಡಿ ಕಲಿಯೋಕೆ ಬಂದಿರೋವು," ಎಂದ ಕ್ಷೌರದವನು.

"ನಿಮ್ಮ ತಮ್ಮ ಏನು ಹೇಳಿದ್ರೂ ಕೇಳ್ತಾನಮ್ಮಾ," ಎಂದಳು ಬೇಕರಿಯಮ್ಮ. "ಹಗ್ಗಾನೇ ಬೇಡ ಅವನಿಗೆ. ಬೆಳಿಗ್ಗೆ ನಾನೇ ಕಣ್ಣಾರೆ ನೋಡಿದೆ, ಬೆಲ್ಟೇ ಇಲ್ಲದೆ ಹೋಗ್ತಾ ಇದ್ದ."

ಅದೊಂದು ಮಾತಿನಲ್ಲಿ ಸುಳ್ಳಿರಲಿಲ್ಲ.

ಅಕ್ಕ ನಂಬಲಾರದೆ ದಿವಾನನ ಮುಂದೆ ನಿಂತಳು. "ಕೂತ್ಕೋ," ಅಂದಳು.

ಇಡೀ ದಿನ ಒಂದೇ ಮಗ್ಗುಲಲ್ಲಿ ಮಲಗಿದ್ದ ದಿವಾನನ ಹಿಂಗಾಲುಗಳಿಗೆ ಜೋಮು ಹಿಡಿದಿತ್ತು. ಅವು ಮಡಚಿಕೊಂಡವು. ದಿವಾನ ಕೂತ.

ಅಕ್ಕನ ಕಣ್ಣಲ್ಲಿ ನೀರು ಬಂತು. ಇಪ್ಪತ್ತೈದು ವರ್ಷದ ಮಾಸ್ತರಿಕೆಯಲ್ಲಿ ಯಾವ ಮಗುವೂ ಕೊಡದ ಸುಖವನ್ನು ಆ ಎರಡು ಹಿಂಗಾಲು ಕೊಟ್ಟಿದ್ದವು. "ಲೋ, ಮೂರು ವರ್ಷದಲ್ಲಿ ನನ್ನ ಕೈಲಿ ಆಗದ್ದನ್ನ ಒಂದೇ ದಿನದಲ್ಲಿ ಮಾಡಿದೀಯಲ್ಲೋ!"

ದರ್ಜಿಗೆ ಸತ್ಯ ಹೇಳುವ ಆಸೆ ಗಂಟಲವರೆಗೆ ಬಂದು ಅಲ್ಲೇ ಕೂತಿತು. ದಿವಾನ ಬದುಕಿದ್ದಾನೆ. ಇನ್ನು ಅವನು ನನ್ನವನು. ಇಷ್ಟರ ಮೇಲೆ ಹೇಳುವುದಾದರೂ ಏನು? ಗಡಿಬಿಡಿಯಲ್ಲಿ ಬೆಲ್ಟನ್ನು ದಿವಾನನ ಕೊರಳಿಗೆ ಕಟ್ಟಿದ. ಕೈಗೆ ಸಿಕ್ಕಿದ ಮೊದಲ ತೂತಿಗೇ.

"ಹಾಗಾದ್ರೆ ಸರಿಹೋಯ್ತು," ಎಂದು ಅಕ್ಕ ಹಗ್ಗ ಕೈಗೆ ತಗೊಂಡಳು. "ಮಾತು ಕೇಳೋ ನಾಯಿ ಆದ್ರೆ ಹಾಸ್ಟೆಲಿಗೆ ಬಿಡ್ತಾರೆ. ನಿಂಗ್ಯಾಕೆ ತೊಂದರೆ, ನಾನೇ ಕರ್ಕೊಂಡು ಹೋಗ್ತೀನಿ. ಬಾರೋ ದಿವಾನ."

ದರ್ಜಿಯ ಮುಖ ಇಸ್ತ್ರಿ ಸುಟ್ಟ ಬಟ್ಟೆಯಂತಾಯಿತು. ನೆರೆಹೊರೆಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬಾಗಿಲು ದಾಟುವಾಗ ದಿವಾನ ಒಮ್ಮೆ ಹಿಂತಿರುಗಿ, ಮಡಚಿದ ಕಿವಿಯನ್ನು ಅವನ ಕಡೆ ಓರೆ ಮಾಡಿದ. ಹೇಳುವುದಕ್ಕೆ ಬೆಟ್ಟದಷ್ಟಿತ್ತು.

"ಜಾಸ್ತಿ ಹೊಗಳಿಬಿಟ್ವೇನೋ," ಎಂದ ಕ್ಷೌರದವನು ಮೆಲ್ಲಗೆ.

ಐದು ನಿಮಿಷ ಕಳೆದಿರಬೇಕು. ಯಾರೋ ಓಡಿಬರುವ ಸದ್ದಾಯಿತು. ಬಾಗಿಲಲ್ಲಿ ಅಕ್ಕ, ಕೂದಲು ಕೆದರಿ, ಒಂದು ಕಾಲಿಗೆ ಚಪ್ಪಲಿಯಿಲ್ಲದೆ. ಕೈಯಲ್ಲಿ ಹಗ್ಗ, ಹಗ್ಗದ ತುದಿಯಲ್ಲಿ ಖಾಲಿ ಬೆಲ್ಟು.

"ಬಸ್ಸಿನ ಹಾರನ್ನಿಗೆ ಹೆದರಿ ಹಿಂದಕ್ಕೆ ಎಳೆದ ಕಣೋ... ಯಾವ ಕಡೆ ಹೋದ ಅಂತಾನೂ ನೋಡ್ಲಿಲ್ಲ..." ಅವಳು ಸ್ಟೂಲಿನ ಮೇಲೆ ಕುಸಿದಳು. ಬೆಳಿಗ್ಗೆಯಿಂದ ಅದು ಕುಸಿಯುವವರಿಗಾಗಿಯೇ ಇಟ್ಟ ಸ್ಟೂಲಿನಂತಿತ್ತು.

"ಸೀಟಿ ಊದ್ಲಾ?" ಎಂದರು ಮೇಷ್ಟ್ರು.

"ನೆಲದ ಮೇಲೆ ಮಲಗಿಬಿಡಿ ಅಮ್ಮಾ, ಬನ್ನು ತರ್ತೀನಿ," ಎಂದಳು ಬೇಕರಿಯಮ್ಮ.

ದರ್ಜಿ ಮಾತ್ರ ಮೇಜಿನ ಕಡೆ ನೋಡುತ್ತಿದ್ದ. ಅಂಗಡಿಯ ಹಿಂಬಾಗಿಲು ಅರೆ ತೆರೆದಿತ್ತು. ಪರದೆಯ ಅಂಚಿನಿಂದ ಹೊರಗಿದ್ದ ಕಂದು ಬಾಲದ ತುದಿಯೊಂದು ಸದ್ದಿಲ್ಲದೆ ಒಳಗೆ ಸರಿಯಿತು. ಬೇರೆ ಯಾರೂ ಅದನ್ನು ನೋಡಲಿಲ್ಲ. ಸುಮ್ಮನಿದ್ದರೆ? ಎರಡು ದಿನ ಹುಡುಕಿ ಅಕ್ಕ ಹೋಗಿಬಿಡುತ್ತಾಳೆ. ಆಮೇಲೆ ದಿವಾನ, ತಾನು, ಹೊಲಿಗೆ ಯಂತ್ರ.

"ಮೂರು ವರ್ಷ ಸಾಕಿದೆ," ಎಂದಳು ಅಕ್ಕ ಮೂಗು ಒರೆಸಿಕೊಳ್ಳುತ್ತ. "ಮೂರು ನಿಮಿಷ ಹಿಡ್ಕೊಳ್ಳೋಕಾಗ್ಲಿಲ್ಲ ನನಗೆ."

ಬೆಳಿಗ್ಗೆಯಿಂದ ಸಂಜೆವರೆಗೆ ಆ ಸಂಕಟವನ್ನು ಉಟ್ಟು ತಿರುಗಿದವನಿಗೆ ಅದು ಎಲ್ಲೆಲ್ಲಿ ಹಿಡಿಯುತ್ತದೆಂದು ಗೊತ್ತಿತ್ತು. ದರ್ಜಿ ಬಗ್ಗಿ ಪರದೆಯನ್ನು ಎತ್ತಿ ಹಿಡಿದ. ದಿವಾನ ಚೂರುಗಳ ಹಾಸಿಗೆಯಲ್ಲಿ ಸುರುಳಿ ಸುತ್ತಿಕೊಂಡು, ಬೆಳಕು ಬಿಟ್ಟದ್ದಕ್ಕೆ ಬೇಸರಪಟ್ಟುಕೊಂಡ.

ಅಕ್ಕ ಅವನನ್ನು ಅಪ್ಪಿಕೊಂಡು ಅತ್ತಳು, ಆಮೇಲೆ ಬೈದಳು, ಆಮೇಲೆ ಕನ್ನಡಕ ಏರಿಸಿ ಬೆಲ್ಟನ್ನು ನೋಡಿದಳು. ಸುಮಾರು ಹೊತ್ತು ನೋಡಿದಳು.

"ಕಾಜಾ ಬಹಳ ಚೆನ್ನಾಗಿದೆ," ಅಂದಳು.

"ಎರಡು ಬೆರಳು ಸಡಿಲ ಬಿಟ್ಟೆ ಅಕ್ಕಾ. ಅಭ್ಯಾಸ."

ಅಲ್ಲಿಗೆ ಅರ್ಧ ಗಡ್ಡದವನ ತಾಳ್ಮೆಯ ಕಟ್ಟೆ ಒಡೆಯಿತು. "ಬೆಳಿಗ್ಗೆ ಎಂಟಕ್ಕೆ ಕೂತೋನು ನಾನು!" ಎಂದು ಕೂಗಿದ. ನೊರೆ ಯಾವಾಗಲೋ ಒಣಗಿ ಹಕ್ಕಳೆಯಾಗಿ ಉದುರುತ್ತಿತ್ತು. ಓಡಿದ್ದು, ಸೀಟಿ, ಬನ್ನು, ಮೂರು ನಾಯಿಗಳು, ಒಂದನ್ನೂ ಬಿಡದೆ ಹೇಳಿದ. ಕ್ಷೌರದವನು ಸುಮ್ಮನೆ ಅವನ ಕೈಹಿಡಿದು ಗಡ್ಡ ಮುಗಿಸಲು ಕರೆದುಕೊಂಡು ಹೋದ.

ಅಕ್ಕ ಕೈ ಚಾಚಿದಳು. ದರ್ಜಿ ಜೇಬಿನಿಂದ ಚೀಟಿ ತೆಗೆದುಕೊಟ್ಟ.

"ಎಷ್ಟರವರೆಗೆ ಓದಿದ್ದೆ?"

"ಮೂರು... ಮೂರರ ಅರ್ಧ."

ಅಕ್ಕ ಓದಿದಳು: "ಒಂಬತ್ತು: ತಪ್ಪಿಸಿಕೊಂಡರೆ ಗಾಬರಿ ಬೇಡ, ಹೊರಟ ಜಾಗಕ್ಕೇ ಬಂದು ಮೆತ್ತಗಿದ್ದ ಕಡೆ ಮಲಗುತ್ತಾನೆ. ಹತ್ತು: ಸಂಜೆ ಆರರವರೆಗೆ ಲೋಕ ಮುಳುಗಿದರೂ ಏಳುವುದಿಲ್ಲ." ಓದುತ್ತ ಅವಳ ದನಿ ಇಳಿಯಿತು. ಐದು ನಿಮಿಷದ ಹಿಂದೆ ದಿವಾನ ತಪ್ಪಿಸಿಕೊಂಡಾಗ ಅದನ್ನು ಬರೆದವಳಿಗೇ ನೆನಪಾಗಿರಲಿಲ್ಲ. ಕೆಮ್ಮಿ, ಚೀಟಿ ಮಡಚಿದಳು.

"ಮೇಷ್ಟ್ರೇ, ನಿಮ್ಮ ವಿದ್ಯಾರ್ಥಿಗಳನ್ನ ಅವರವರ ಮನೆಗೆ ಬಿಟ್ಟು ಬನ್ನಿ."

"ಎಸ್ ಮೇಡಂ," ಎಂದು ಮೇಷ್ಟ್ರು ಮೂರು ಹಗ್ಗ ಹಿಡಿದು ಹೊರಟರು. ಬೇಕರಿಯಮ್ಮ ದಾರಿ ತೋರಿಸುವ ನೆವದಲ್ಲಿ ಹಿಂದೆಯೇ ಜಾರಿದಳು.

ಅಕ್ಕ ಅಂಗಡಿಯೊಳಗೆ ಆ ಗೋಡೆಯಿಂದ ಈ ಗೋಡೆಗೆ ನಡೆದಳು. "ಇವನಿಗೆ ಮಾತು ಕೇಳೋ ಬುದ್ಧಿ ಇಲ್ಲ, ಹಾಸ್ಟೆಲಿಗೆ ಆಗಲ್ಲ. ತೋಟದ ಮನೆಗೆ ಕಳಿಸಿದ್ರೆ ಅಲ್ಲಿಂದ ಓಡಿ ಈ ಮೇಜಿನ ಕೆಳಗೇ ಬರ್ತಾನೆ. ದಾರೀಲಿ ಎಷ್ಟು ಲಾರಿ ಇದೆಯೋ."

"ಹಾಗಾದ್ರೆ... ಇಲ್ಲೇ ಇರಲಿ ಅಂತೀಯಾ ಅಕ್ಕಾ?"

"ಇಲ್ಲೇ ಇರಲಿ."

ದರ್ಜಿಗೆ ರಾಜ್ಯವೇ ಸಿಕ್ಕಂತಾಯಿತು. ಅರ್ಧ ರಾಜ್ಯ, ಮೇಲೆ ಮಡಚಿದ ಕಿವಿಯೊಂದು. ಆದರೆ ಅಕ್ಕನ ಮಾತು ಮುಗಿದಿರಲಿಲ್ಲ.

"ಆದ್ರೆ ನಿನಗೆ ಮೂರಕ್ಕಿಂತ ಮುಂದೆ ಓದೋ ಬುದ್ಧಿ ಇಲ್ಲ. ನಿನ್ನೊಬ್ಬನ ಹತ್ರ ಬಿಡೋಕಾಗಲ್ಲ. ಬರೋಕಾಗಲ್ಲ ಅಂತ ಹಾಸ್ಟೆಲಿನವರಿಗೆ ನಾಳೆನೇ ಬರೆದುಬಿಡ್ತೀನಿ. ಅಲ್ಲಿರೋದು ಅರವತ್ತು ಹುಡುಗೀರು, ಹೇಗೋ ಬೆಳ್ಕೊಳ್ತಾರೆ. ಇಲ್ಲಿ ನೀವಿಬ್ಬರು. ವಾರ್ಡನ್ ಬೇಕಾಗಿರೋದು ಇಲ್ಲಿಗೆ. ಹಿಂದಿನ ಕೋಣೆ ಖಾಲಿ ಮಾಡು, ನೀನು ಅಂಗಡೀಲಿ ಮಲ್ಕೋ."

ಹೇಳುತ್ತಲೇ ಅವಳು ಬೆಲ್ಟನ್ನು ಹಳೆಯ ತೂತಿಗೆ ಬಿಗಿದಳು. ಚೀಟಿಯನ್ನು ದರ್ಜಿಯದೇ ಗುಂಡುಸೂಜಿಯಿಂದ ಗೋಡೆಗೆ ಚುಚ್ಚಿ, ಹನ್ನೊಂದರ ಕೆಳಗೆ ಹನ್ನೆರಡು ಎಂದು ಬರೆದು, ಪೆನ್ನನ್ನು ಗಲ್ಲಕ್ಕೊತ್ತಿ ತಮ್ಮನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. ಅಳತೆ ತೆಗೆಯುವವರ ನೋಟ ಅದು. ಎರಡು ಬೆರಳು ಸಡಿಲ ಬಿಡುವ ಸೂಚನೆ ಎಲ್ಲೂ ಇರಲಿಲ್ಲ.

"ಕೂತ್ಕೋ," ಅಂದಳು.

ದರ್ಜಿ ಥಟ್ಟನೆ ಕೂತ. ಜೋಮು ಬಿಟ್ಟಿದ್ದ ದಿವಾನ ನಿಂತೇ ಇದ್ದ.